ತೊಟ್ಟಿಲ ಬಳಿ ಕುಳಿತು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲಾ ದಿನಗಳ ನೆನಪೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾನು ಒಂದೂವರೆ ತಿಂಗಳ ಮಗಳ ತೊಟ್ಟಿಲು ತೂಗುತ್ತಿದ್ದೆ. ಗುರುಗಳ ಬೆತ್ತ, ವಾರ್ಷಿಕೋತ್ಸವದ ನಾಟಕ ಇವುಗಳನ್ನು ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲವರು ಅನೇಕರಿದ್ದಾರೆ. ಈಚೆಗೆ ನನ್ನ ಮನಸ್ಸನ್ನು ಕೊರೆಯುತ್ತಿರುವ ವಿಷಯ ಬೇರೆ. ಅದರ ಬೇರು ಈ ಶಾಲೆಯ ದಿನಗಳಲ್ಲೇ ಇರುವುದರಿಂದ ಇಲ್ಲಿ ನಿವೇದಿಸಿಕೊಳ್ಳುವುದು ಅನುಚಿತವಾಗದೆಂದು ನಂಬಿದ್ದೇನೆ.

ಮಗು ಹುಟ್ಟಿದ ದಿನ ಆಸ್ಪತ್ರೆಯ ಆಯಾ ಹೊರಬಂದು, "ಹೆಣ್ಣು ಮಗು ಸಾರ್. ಗಂಡಾಗಿದ್ದರೆ ಕೇಳಿ ಪಡೆಯುತ್ತಿದ್ದೆ. ಈಗ ನೀವು ಕೊಟ್ಟಷ್ಟು" ಎಂದಳು. ನೋಡಲು ಬಂದ ಬಂಧುಗಳು "ಲಕ್ಷ್ಮಿ ಬಂದಳು" ಎಂದರು. ಅದರ ಬೆನ್ನಿಗೇ "ಮುಂದಿನದು ಗಂಡಾಗಲಿ" ಎಂದೂ ಹರಸಿದರು. ಯಾರ ಮಾತಿನಲ್ಲಿಯೂ ಕೇಡಿರಲಿಲ್ಲ. ನಾನೂ ನಕ್ಕು ತಲೆಯಾಡಿಸಿದೆ. ಹುಟ್ಟಿ ಒಂದು ಹಗಲು ಕಳೆಯುವಷ್ಟರಲ್ಲಿ ನನ್ನ ಮಗಳ ಬೆಲೆ ಒಂದು ಅಂಗುಲ ಇಳಿದಿತ್ತು. ಇಳಿಸಿದವರಲ್ಲಿ ನಾನೂ ಒಬ್ಬನಾಗಿದ್ದೆ.

ಸೇಲಂ ಜಿಲ್ಲೆಯಲ್ಲಿ 1992ರಲ್ಲಿ ತಮಿಳುನಾಡು ಸರ್ಕಾರ 'ತೊಟ್ಟಿಲು ಮಗು' ಯೋಜನೆಯನ್ನು ಆರಂಭಿಸಿತು. ಹೆಣ್ಣು ಕೂಸನ್ನು ಕೊಲ್ಲಬೇಡಿ, ಬೇಡವಾದರೆ ನಮ್ಮ ತೊಟ್ಟಿಲಲ್ಲಿ ಹಾಕಿಹೋಗಿ ಎಂದು ಸರ್ಕಾರವೇ ಕೇಳಿಕೊಳ್ಳಬೇಕಾಯಿತು. ಗರ್ಭದಲ್ಲಿರುವ ಶಿಶುವಿನ ಲಿಂಗಪತ್ತೆಯನ್ನು ತಡೆಯಲು 1994ರಲ್ಲಿ ಕಾಯಿದೆ ಬಂದಿತು. ಆದರೂ ಆರು ವರ್ಷದೊಳಗಿನ ಸಾವಿರ ಗಂಡು ಮಕ್ಕಳಿಗೆ ಹೆಣ್ಣು ಮಕ್ಕಳ ಸಂಖ್ಯೆ ತಮಿಳುನಾಡಿನಲ್ಲಿ 1991ರಲ್ಲಿ 948 ಇದ್ದದ್ದು 2011ರಲ್ಲಿ 943 ಆಯಿತು; ಕರ್ನಾಟಕದಲ್ಲಿ 960 ಇದ್ದದ್ದು 948ಕ್ಕೆ ಇಳಿಯಿತು. ಈ ಅಂಕಿಗಳನ್ನು ಹಿಂದೆಯೂ ಓದಿದ್ದೆ. ಅಂತಹ ಪಾಪ ಮಾಡುವವರು ಬೇರೆ ಯಾರೋ ಎಂದುಕೊಂಡು ಪತ್ರಿಕೆಯನ್ನು ಮಡಿಸಿಟ್ಟಿದ್ದೆ.

ನನ್ನ ಅಕ್ಕನೂ ಇದೇ ಶಾಲೆಯಲ್ಲಿ ಓದಿದವಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಓದಿನಲ್ಲಿ ಬಹಳ ಮುಂದು. ಕಾಗುಣಿತವನ್ನು ನನಗೆ ಕೈಹಿಡಿದು ತಿದ್ದಿಸಿದವಳು ಅವಳೇ. ಎಂಟನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಅವಳ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಲಾಯಿತು. ಇಬ್ಬರನ್ನೂ ಓದಿಸುವ ಶಕ್ತಿ ತಂದೆಯವರಿಗಿರಲಿಲ್ಲ. ಒಬ್ಬರನ್ನು ನಿಲ್ಲಿಸಬೇಕಾದಾಗ ಯಾರನ್ನು ಎಂಬ ಪ್ರಶ್ನೆ ಮಾತ್ರ ನಮ್ಮ ಮನೆಯಲ್ಲಿ ಹುಟ್ಟಲೇ ಇಲ್ಲ.

ಮುಂದೆ ಅವಳು ನೂಲಿನ ಗಿರಣಿಯೊಂದಕ್ಕೆ ಸೇರಿದಳು. ಕೊಯಮತ್ತೂರು, ತಿರುಪ್ಪೂರು ಕಡೆಯ ಹಲವು ಗಿರಣಿಗಳಲ್ಲಿ ನಡೆಯುತ್ತಿದ್ದ 'ಸುಮಂಗಲಿ' ಯೋಜನೆಯನ್ನು ಇಲ್ಲಿನ ಹಿರಿಯರು ಬಲ್ಲರು. ಮದುವೆಯಾಗದ ಹುಡುಗಿ ಸುಮಾರು ಮೂರು ವರ್ಷ ಗಿರಣಿಯ ವಸತಿಯಲ್ಲೇ ಇದ್ದು ಅಲ್ಪ ಸಂಬಳಕ್ಕೆ ದುಡಿಯಬೇಕು; ಅವಧಿ ಮುಗಿದ ಮೇಲೆ ಮದುವೆಯ ಖರ್ಚಿಗೆಂದು ಇಡುಗಂಟು ಕೊಡುತ್ತಾರೆ. ನಡುವೆ ಬಿಟ್ಟುಬಂದರೆ ಆ ಗಂಟು ಕೈಗೆ ಸಿಗುವುದೇ ಅನುಮಾನ. ವರದಕ್ಷಿಣೆ 1961ರಿಂದಲೇ ಕಾಯಿದೆಗೆ ವಿರುದ್ಧ. ಅದನ್ನು ತೆರಲು ಹುಡುಗಿಯೇ ಹತ್ತಿಯ ಧೂಳಿನಲ್ಲಿ ದುಡಿಯಬೇಕು. ಆ ದುಡಿಮೆಗೆ ಮಂಗಳಕರವಾದ ಹೆಸರು ಬೇರೆ!

ಅಕ್ಕ ಗಿರಣಿಯಲ್ಲಿದ್ದಾಗಲೇ, 2001ರಲ್ಲಿ, ಕಂಠಪಾಠ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದಿತು. ನಾನು ಹೇಳಿದ್ದು ಸಂಚಿ ಹೊನ್ನಮ್ಮನ 'ಹದಿಬದೆಯ ಧರ್ಮ'ದ ಪದ್ಯಗಳನ್ನು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಆ ಹೆಣ್ಣುಮಗಳು, ಹೆತ್ತವಳೂ ಹೆಣ್ಣೇ ಅಲ್ಲವೇ, ಮತ್ತೇಕೆ ಹಳಿಯುತ್ತೀರಿ ಎಂದು ಮೂರು ಶತಮಾನಗಳ ಹಿಂದೆಯೇ ಕೇಳಿದ್ದಳು. ಒಂದಕ್ಷರವೂ ತಪ್ಪದಂತೆ ಒಪ್ಪಿಸಿದೆ. ಸಭೆ ಚಪ್ಪಾಳೆ ತಟ್ಟಿತು. ಆ ಪ್ರಶ್ನೆ ನನ್ನನ್ನೇ ಕೇಳುತ್ತಿದೆಯೆಂದು ಹೊಳೆಯಲಿಲ್ಲ.

ತಂದೆಯವರು ಉಯಿಲು ಬರೆಯದೆ ತೀರಿಕೊಂಡರು. 2012ರಲ್ಲಿ ಮನೆಯನ್ನು ನನ್ನ ಹೆಸರಿಗೆ ಮಾಡಿಸಬೇಕೆಂದು ಹಿರಿಯರು ತೀರ್ಮಾನಿಸಿದರು. ನೋಂದಣಿ ಕಚೇರಿಯಲ್ಲಿ ತಾಯಿಯೂ ಅಕ್ಕನೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ಅಕ್ಕನಿಗೆ ಒಂದು ರೇಷ್ಮೆ ಸೀರೆ, ಅರಿಸಿನ ಕುಂಕುಮ ಕೊಟ್ಟೆವು. ಅದು ಪದ್ಧತಿ.

ಕಾನೂನು ನಮ್ಮನ್ನು ತಡೆದಿತ್ತೇ? ಇಲ್ಲ. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಕೊಟ್ಟಿದೆ. ಪಿತ್ರಾರ್ಜಿತದಲ್ಲಿಯೂ ಅವಿವಾಹಿತ ಹೆಣ್ಣುಮಕ್ಕಳಿಗೆ ತಮಿಳುನಾಡು 1989ರಲ್ಲಿ, ಕರ್ನಾಟಕ 1994ರಲ್ಲಿ ಸಮಪಾಲು ವಿಧಿಸಿದವು. 2005ರ ತಿದ್ದುಪಡಿ ವಿವಾಹಿತೆಯರನ್ನೂ ಸೇರಿಸಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಗಂಡು ವಾರಸುದಾರರು ಒಪ್ಪುವ ತನಕ ವಾಸದ ಮನೆಯನ್ನು ಪಾಲು ಕೇಳುವಂತಿಲ್ಲ ಎಂಬ ಹಳೆಯ ತೊಡಕೂ ಅದೇ ವರ್ಷ ತೊಲಗಿತು. ಶಾಸನ ತೆರೆದ ಬಾಗಿಲನ್ನು ಒಂದು ಸೀರೆ ಕೊಟ್ಟು ಮುಚ್ಚಿದವರು ನಾವು. ಅಕ್ಕನನ್ನು ಯಾರೂ ಬಲಾತ್ಕರಿಸಲಿಲ್ಲ, ನಿಜ. ಆದರೆ ತವರಿನ ಬಾಗಿಲು ಮುಚ್ಚಿಬಿಟ್ಟೀತೆಂಬ ಭಯದಲ್ಲಿ ಹಾಕಿದ ಸಹಿಯನ್ನು ಇಷ್ಟಪಟ್ಟು ಹಾಕಿದ್ದೆಂದು ಹೇಗೆ ಹೇಳಲಿ?

'ಸಮಾಜವು ಸ್ತ್ರೀಯನ್ನು ಕೀಳಾಗಿ ಕಾಣುತ್ತದೆ' ಎಂದು ಶಾಲೆಯ ಪ್ರಬಂಧಗಳಲ್ಲಿ ಎಷ್ಟೋ ಸಲ ಬರೆದು ಅಂಕ ಗಳಿಸಿದ್ದೇನೆ. ಆ ಸಮಾಜ ಎಲ್ಲಿಯೋ ದೂರದಲ್ಲಿರಲಿಲ್ಲ. ಅಟ್ಟಕ್ಕೆ ಪುಸ್ತಕ ಹಾಕುವಾಗ ಏಣಿ ಹಿಡಿದು ನಿಂತಿದ್ದವನು ನಾನೇ.

ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳಿದವಳು ಸೋದರತ್ತೆಯಾದ ಅಕ್ಕ. ಊಟವಾದ ಮೇಲೆ, ಮನೆಯ ಮೂರನೆಯ ಒಂದು ಭಾಗವನ್ನು ಅವಳ ಹೆಸರಿಗೆ ಬರೆಯುವ ಪತ್ರದ ಕರಡನ್ನು ಅವಳ ಮುಂದಿಟ್ಟೆ. ಹರ್ಷಪಡುತ್ತಾಳೆಂದು ನಿರೀಕ್ಷಿಸಿದ್ದೆ. ಅವಳು ನಿಧಾನವಾಗಿ ಪೂರ್ತಿ ಓದಿ, ಒಂದು ಕಡೆ ಒತ್ತಕ್ಷರದ ತಪ್ಪನ್ನು ತೋರಿಸಿ, "ಇದನ್ನು ತೆಗೆದುಕೊಳ್ಳುತ್ತೇನೆ. ಆದರೆ ಒಂಬತ್ತನೆಯ ತರಗತಿಯನ್ನು ಕೊಡಲು ನಿನ್ನ ಕೈಲಿ ಆಗುವುದಿಲ್ಲವಲ್ಲ" ಎಂದಳು. ಕೋಪದಿಂದ ಅಂದದ್ದಲ್ಲ. ನಾನು ಉತ್ತರ ಕೊಡಲಾರದೆ ಕುಳಿತೆ.

ಕಡೆಯದಾಗಿ ಸಂಪಾದಕರಲ್ಲಿ ಒಂದು ಕೋರಿಕೆ. ಈ ಸಂಚಿಕೆಗಾಗಿ ಸಿದ್ಧವಾಗುತ್ತಿರುವ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಕೊನೆಯ ತರಗತಿ ಮುಗಿಸಿದವರ ಹೆಸರುಗಳಷ್ಟೇ ಇವೆಯೆಂದು ಕೇಳಿದೆ. ದಾಖಲಾತಿ ಪುಸ್ತಕವನ್ನು ಇನ್ನೊಮ್ಮೆ ತೆರೆದು, ನಡುವೆ ಬಿಟ್ಟುಹೋದ ಹೆಣ್ಣುಮಕ್ಕಳ ಹೆಸರುಗಳನ್ನೂ ದಯಮಾಡಿ ಸೇರಿಸಿ. ಆರ್.ಎಸ್. ಪುರಂನ ಕನ್ನಡ ಮನೆಗಳಲ್ಲಿ ಈ ಸಂಚಿಕೆಯನ್ನು ತೆರೆದು ತಮ್ಮ ಹೆಸರಿಗಾಗಿ ಹುಡುಕುವವರಲ್ಲಿ ಅವರೂ ಇದ್ದಾರೆ. ನನ್ನ ಮಗಳಿಗೆ ಅಕ್ಷರ ಬಂದ ದಿನ ಅವಳಿಗೆ ನಾನು ಮೊದಲು ತೋರಿಸಬೇಕೆಂದಿರುವುದು ಆ ಪಟ್ಟಿಯಲ್ಲಿ ಅವಳ ಅತ್ತೆಯ ಹೆಸರನ್ನು.