ಡಾಕ್ಟರಮ್ಮನ ಹಠ

ಆಳುವವರಿಗೆ ಹಠ ಇರಬೇಕೋ ಬೇಡವೋ ಎಂಬ ಮಾತು ಬಂದಾಗಲೆಲ್ಲ ನನಗೆ ದಕ್ಷಿಣ ಆಫ್ರಿಕಾದ ಡಾಕ್ಟರಮ್ಮ ಒಬ್ಬರು ನೆನಪಾಗುತ್ತಾರೆ. ಹೆಸರು ನ್ಕೊಸಜಾನಾ ದ್ಲಾಮಿನಿ-ಜುಮಾ. ಅಲ್ಲಿಯ ಪತ್ರಿಕೆಗಳು ಚಿಕ್ಕದಾಗಿ ಎನ್‌ಡಿಜಡ್ ಎಂದು ಬರೆಯುತ್ತವೆ. ಮಂಡೇಲಾ, ಎಂಬೆಕಿ, ಮೊಟ್ಲಾಂಟೆ, ಜುಮಾ, ರಾಮಫೋಸಾ, ಹೀಗೆ ಐವರು ಅಧ್ಯಕ್ಷರ ಸಂಪುಟದಲ್ಲೂ ಮಂತ್ರಿಯಾಗಿದ್ದವರು ಇವರು. ಹೊಗಳುವವರಾಗಲಿ ಬೈಯುವವರಾಗಲಿ ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: ಹಿಡಿದದ್ದನ್ನು ಬಿಡುವವರಲ್ಲ.

ಹುಟ್ಟಿದ್ದು 1949ರಲ್ಲಿ, ನಟಾಲ್ ಪ್ರಾಂತ್ಯದಲ್ಲಿ. ಹಿಂದಿನ ವರ್ಷವಷ್ಟೇ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದು ವರ್ಣಭೇದವನ್ನು ಕಾನೂನಾಗಿಸಲು ಹೊರಟಿತ್ತು. ಅಂಥ ಕಾಲದಲ್ಲಿ ಕಪ್ಪು ಹುಡುಗಿಯೊಬ್ಬಳು ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಓದಿ, ಆಮೇಲೆ ಡರ್ಬನ್ನಿನಲ್ಲಿ ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತುವುದೆಂದರೆ ಸಣ್ಣ ಮಾತಲ್ಲ. ಬಿಳಿಯರಲ್ಲದವರಿಗೆಂದೇ ಇದ್ದ ಆ ಕಾಲೇಜಿನಲ್ಲಿ ಭಾರತೀಯ ಮೂಲದ ಹುಡುಗರೂ ಓದುತ್ತಿದ್ದರು. ವರ್ಣಭೇದದ ವಿರುದ್ಧ ಹೋರಾಡಿದ ಸ್ಟೀವ್ ಬೀಕೊ ಕೂಡ ಅಲ್ಲಿಯ ವಿದ್ಯಾರ್ಥಿಯೇ. ಬೀಕೊ ಮತ್ತು ಗೆಳೆಯರು ಕಟ್ಟಿದ ವಿದ್ಯಾರ್ಥಿ ಸಂಘಟನೆಗೆ 1976ರಲ್ಲಿ ಇವರು ಉಪಾಧ್ಯಕ್ಷೆ. ಸೊವೆಟೊದಲ್ಲಿ ಶಾಲೆಯ ಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದ್ದೂ ಅದೇ ವರ್ಷ. ದೇಶದಲ್ಲಿ ಉಳಿಯುವಂತಿರಲಿಲ್ಲ, ಹೊರಟರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1978ರಲ್ಲಿ ವೈದ್ಯಕೀಯ ಮುಗಿಸಿ, ಸ್ವಾಜಿಲ್ಯಾಂಡಿನ ಸರ್ಕಾರಿ ಆಸ್ಪತ್ರೆಗೆ ಬಂದು ಸೇರಿದರು. ಜೇಕಬ್ ಜುಮಾ ಪರಿಚಯವಾದದ್ದು ಆ ದೇಶದಲ್ಲೇ. ಮದುವೆಯಾಯಿತು, ನಾಲ್ವರು ಹೆಣ್ಣುಮಕ್ಕಳಾದರು, 1998ರಲ್ಲಿ ವಿಚ್ಛೇದನವೂ ಆಯಿತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇಂದಿಗೂ ಜಗತ್ತಿನ ಎಷ್ಟೋ ಪತ್ರಿಕೆಗಳು ಈಕೆಯನ್ನು ಪರಿಚಯಿಸುವುದು 'ಜುಮಾ ಅವರ ಮಾಜಿ ಪತ್ನಿ' ಎಂದೇ. ಜುಮಾ ದೇಶದ ಅಧ್ಯಕ್ಷರಾದದ್ದು 2009ರಲ್ಲಿ. ಅಷ್ಟು ಹೊತ್ತಿಗೆ ಇವರು ಹದಿನೈದು ವರ್ಷ ಮಂತ್ರಿಯಾಗಿದ್ದರು. 'ದ್ಲಾಮಿನಿಯವರ ಮಾಜಿ ಪತಿ ಜುಮಾ' ಎಂದು ಬರೆದ ಪತ್ರಿಕೆಯನ್ನು ನಾನು ಇನ್ನೂ ಕಂಡಿಲ್ಲ. ಹೆಣ್ಣು ಎಷ್ಟೇ ದುಡಿದರೂ ಅವಳ ಗುರುತಿಗೆ ಗಂಡಸಿನ ಹೆಸರನ್ನೇ ತಂದು ಅಂಟಿಸುವ ಈ ಅಭ್ಯಾಸ ಅನ್ಯಾಯದ್ದು. ಅವರ ತಪ್ಪುಗಳನ್ನೂ ಮುಂದೆ ಹೇಳುವವನಿದ್ದೇನೆ, ಆದರೆ ಅವು ಅವರವೇ ತಪ್ಪುಗಳು ಎಂದು.

1994ರಲ್ಲಿ ಮಂಡೇಲಾ ಈ ಡಾಕ್ಟರಮ್ಮನಿಗೆ ಆರೋಗ್ಯ ಖಾತೆ ಕೊಟ್ಟರು. ಬಿಳಿಯರಿಗೆ ಒಂದು ಬಗೆಯ ಆಸ್ಪತ್ರೆ, ಕರಿಯರಿಗೆ ಇನ್ನೊಂದು ಬಗೆಯದು. ಹಳ್ಳಿಗಾಡಿನಲ್ಲಿ ಡಾಕ್ಟರರೇ ಇಲ್ಲ. ಅವರ ಕೈಗೆ ಬಂದದ್ದು ಅಂಥ ವ್ಯವಸ್ಥೆ. ಬಸುರಿಯರಿಗೂ ಆರು ವರ್ಷದೊಳಗಿನ ಮಕ್ಕಳಿಗೂ ಸರ್ಕಾರಿ ಚಿಕಿತ್ಸೆ ಉಚಿತವಾಯಿತು. ಕ್ಯೂಬಾದಿಂದ ವೈದ್ಯರನ್ನು ಕರೆಸಿದರು. ಓದು ಮುಗಿಸಿದ ಹೊಸ ವೈದ್ಯರು ಒಂದು ವರ್ಷ ಸರ್ಕಾರಿ ಸೇವೆ ಮಾಡಲೇಬೇಕೆಂದರು. ವೈದ್ಯಲೋಕದಲ್ಲಿ ಗದ್ದಲವೆದ್ದಿತು, ಇವರು ಜಗ್ಗಲಿಲ್ಲ. 1996ರಲ್ಲಿ ಗರ್ಭಪಾತವನ್ನು ಕಾನೂನುಬದ್ಧಗೊಳಿಸುವ ಕಾಯ್ದೆ ಬಂತು. 1999ರಲ್ಲಿ ತಂಬಾಕಿನ ಜಾಹೀರಾತನ್ನೂ ಪ್ರಾಯೋಜಕತ್ವವನ್ನೂ ನಿಷೇಧಿಸಿ, ಸಾರ್ವಜನಿಕ ಸ್ಥಳಗಳಲ್ಲಿ ಸಿಗರೇಟಿಗೆ ಕಡಿವಾಣ ಹಾಕುವ ಕಾಯ್ದೆ ಬಂತು. ಅದರ ಜೊತೆಗೆ ತೆರಿಗೆಯೂ ಏರುತ್ತ ಹೋಯಿತು. 90ರ ದಶಕದ ಮೊದಲಲ್ಲಿ ವಯಸ್ಕರಲ್ಲಿ ಹೆಚ್ಚುಕಡಿಮೆ ಮೂವರಿಗೊಬ್ಬರು ಸೇದುತ್ತಿದ್ದ ದೇಶದಲ್ಲಿ ಹತ್ತು ವರ್ಷದೊಳಗೆ ಅದು ನಾಲ್ವರಿಗೊಬ್ಬರಿಗೆ ಇಳಿಯಿತು.

ಈ ಹಠದ ದೊಡ್ಡ ಪರೀಕ್ಷೆ ಔಷಧಿಯ ಬೆಲೆಯದು. ಬೇರೆ ದೇಶದಲ್ಲಿ ಅಗ್ಗಕ್ಕೆ ಸಿಗುವ ಔಷಧಿಯನ್ನು ತರಿಸಿಕೊಳ್ಳಲು, ದುಬಾರಿ ಬ್ರ್ಯಾಂಡಿನ ಬದಲು ಅದೇ ಗುಣದ ಜೆನೆರಿಕ್ ಕೊಡಲು ದಾರಿ ಮಾಡುವ ಕಾನೂನನ್ನು 1997ರಲ್ಲಿ ಅವರು ಸಂಸತ್ತಿನಲ್ಲಿ ಪಾಸು ಮಾಡಿಸಿದರು. ಮರುವರ್ಷವೇ ಔಷಧಿ ಕಂಪನಿಗಳು ಒಟ್ಟಾಗಿ ಕೋರ್ಟಿಗೆ ಹೋದವು; ವಿಚಾರಣೆಯ ಹೊತ್ತಿಗೆ ಅವು 39. ಅಮೆರಿಕ ಸರ್ಕಾರವೂ ಒತ್ತಡ ಹಾಕಿತು. ಇಲ್ಲಿ ನಮ್ಮ ದೇಶದ ಹೆಸರೂ ಬರುತ್ತದೆ. ಎಚ್‌ಐವಿಯ ಮೂರು ಔಷಧಿಗಳ ಚಿಕಿತ್ಸೆಗೆ ರೋಗಿಯೊಬ್ಬರಿಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಬೀಳುತ್ತಿದ್ದ ಕಾಲದಲ್ಲಿ, ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದನ್ನು 350 ಡಾಲರಿಗೆ ಕೊಡುತ್ತೇನೆಂದು 2001ರ ಫೆಬ್ರವರಿಯಲ್ಲಿ ಹೇಳಿದರು. ಏಪ್ರಿಲ್‌ನಲ್ಲಿ ಕಂಪನಿಗಳು ಮೊಕದ್ದಮೆ ವಾಪಸು ಪಡೆದವು. ಡಾಕ್ಟರಮ್ಮ ಆಗ ವಿದೇಶಾಂಗ ಮಂತ್ರಿ. ಆದರೆ ಆ ಗೆಲುವಿನ ಅಡಿಪಾಯ ಅವರು ಹಾಕಿದ್ದು.

ಇಷ್ಟಕ್ಕೇ ನಿಲ್ಲಿಸಿದರೆ ಪೂಜೆ ಮಾಡಿದಂತಾದೀತು. ಅದೇ ಖಾತೆಯಲ್ಲಿ, ಅದೇ ಐದು ವರ್ಷದಲ್ಲಿ ನಡೆದ ಇನ್ನೊಂದು ಕಥೆಯನ್ನೂ ಹೇಳಬೇಕು.

ಏಡ್ಸ್ ಬಗ್ಗೆ ಜನರಿಗೆ ತಿಳಿವಳಿಕೆ ಕೊಡಲು 1995ರಲ್ಲಿ ಇಲಾಖೆ ಒಂದು ಸಂಗೀತ ನಾಟಕ ಮಾಡಿಸಿತು. ಹೆಸರಾಂತ ನಾಟಕಕಾರ ಎಂಬೊಂಗೆನಿ ಎನ್ಗೆಮಾ ಅವರ 'ಸರಫೀನಾ 2'. ಖರ್ಚು 1.4 ಕೋಟಿ ರ‍್ಯಾಂಡ್ ದಾಟಿತು. ಏಡ್ಸ್ ಸಂಘಟನೆಗಳು ಪುಡಿಗಾಸಿಗೆ ಪರದಾಡುತ್ತಿದ್ದ ದೇಶ ಅದು. ಟೆಂಡರಿನಲ್ಲಿ ನಿಯಮ ಮೀರಲಾಗಿದೆಯೆಂದು ಸಾರ್ವಜನಿಕ ದೂರುಗಳ ತನಿಖಾಧಿಕಾರಿ ವರದಿ ಕೊಟ್ಟರು. ನಾಟಕ ನಿಂತಿತು, ಮಂತ್ರಿ ಕೆಳಗಿಳಿಯಲಿಲ್ಲ. 1997ರಲ್ಲಿ ಪ್ರಿಟೋರಿಯಾದ ಸಂಶೋಧಕರು 'ವೈರೋಡೀನ್' ಎಂಬ ಏಡ್ಸ್ ಮದ್ದು ಕಂಡುಹಿಡಿದೆವೆಂದು ಸಂಪುಟದ ಮುಂದೆಯೇ ಬಂದರು. ಅದರಲ್ಲಿದ್ದದ್ದು ಕಾರ್ಖಾನೆಗಳಲ್ಲಿ ಬಳಸುವ ಒಂದು ದ್ರಾವಕ. ಔಷಧ ನಿಯಂತ್ರಣ ಮಂಡಳಿ ಪ್ರಯೋಗಕ್ಕೆ ಒಪ್ಪಲಿಲ್ಲ. ಮಂತ್ರಿ ಒಲಿದದ್ದು ಸಂಶೋಧಕರ ಕಡೆಗೆ. ಮರುವರ್ಷ ಮಂಡಳಿಯ ಮುಖ್ಯಸ್ಥ ಪೀಟರ್ ಫೋಲ್ಬ್ ಹುದ್ದೆ ಕಳೆದುಕೊಂಡರು. 1998ರ ಅಕ್ಟೋಬರಿನಲ್ಲಿ, ತಾಯಿಯಿಂದ ಮಗುವಿಗೆ ಸೋಂಕು ಹರಡದಂತೆ ತಡೆಯುವ ಎಜಡ್‌ಟಿ ಔಷಧಿಯನ್ನು ಸರ್ಕಾರ ಕೊಡುವುದಿಲ್ಲ, ಅಷ್ಟು ದುಡ್ಡಿಲ್ಲ ಎಂದರು.

ಈ ಮೂರನೆಯದು ನನ್ನನ್ನು ಬಹಳ ಕಾಡುತ್ತದೆ. ಬಸುರಿಯರಿಗೆ ಆಸ್ಪತ್ರೆಯ ಬಾಗಿಲನ್ನು ಪುಕ್ಕಟೆ ತೆರೆದವರೇ ಆ ಬಸುರಿಯ ಮಗುವನ್ನು ಉಳಿಸುವ ಗುಳಿಗೆಗೆ ಇಲ್ಲವೆಂದರು. ಮುಂದೆ ಎಂಬೆಕಿಯವರ ಕಾಲದಲ್ಲಿ ಏಡ್ಸ್ ವಿಜ್ಞಾನವನ್ನೇ ಅನುಮಾನಿಸುವ ನೀತಿ ಬಂತು. ತಾಯಂದಿರಿಗೆ ಔಷಧಿ ಕೊಡಿ ಎಂದು 2002ರಲ್ಲಿ ಸಂವಿಧಾನ ನ್ಯಾಯಾಲಯವೇ ಆದೇಶಿಸಬೇಕಾಯಿತು. 2000ದಿಂದ 2005ರವರೆಗಿನ ಆ ವಿಳಂಬದಿಂದ 3,30,000ಕ್ಕೂ ಹೆಚ್ಚು ಜನ ಸತ್ತರೆಂದು ಹಾರ್ವರ್ಡ್ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಆ ಸಾವುಗಳನ್ನೆಲ್ಲ ಡಾಕ್ಟರಮ್ಮನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ತಜ್ಞರ ಮಾತನ್ನು ಬದಿಗೊತ್ತುವ ರೂಢಿ ಅವರ ಕಾಲದಲ್ಲೇ ಶುರುವಾಗಿತ್ತು ಎಂಬುದನ್ನು ಅಲ್ಲಗಳೆಯಲಾಗದು.

ವಿದೇಶಾಂಗ ಮಂತ್ರಿಯಾಗಿ ಹತ್ತು ವರ್ಷ ಕಳೆದರು. ಜಿಂಬಾಬ್ವೆಯಲ್ಲಿ ಮುಗಾಬೆ ಸರ್ಕಾರ ವಿರೋಧಿಗಳನ್ನು ಬಡಿಯುತ್ತಿದ್ದಾಗ ಬಹಿರಂಗವಾಗಿ ಖಂಡಿಸದ ಮೌನ ರಾಜತಾಂತ್ರಿಕತೆಗೆ ಅವರು ಬಲವಾಗಿ ಅಂಟಿಕೊಂಡರು. ನೆರೆಯ ನೊಂದವರಿಗೆ ಆ ಮೌನದಿಂದ ಏನೂ ದಕ್ಕಲಿಲ್ಲ. ಆಮೇಲಿನ ಗೃಹ ಇಲಾಖೆಯಲ್ಲಿ ಮಾತ್ರ ಅದೇ ಬಿಗಿತನ ಒಳ್ಳೆಯ ಫಲ ಕೊಟ್ಟಿತು. ಗುರುತಿನ ಚೀಟಿ, ಪಾಸ್‌ಪೋರ್ಟುಗಳ ಆ ಇಲಾಖೆ ಗೊಂದಲಕ್ಕೂ ಲಂಚಕ್ಕೂ ಹೆಸರಾಗಿತ್ತು. ಅವರಿದ್ದಾಗ ಅದರ ಲೆಕ್ಕಪತ್ರ ಸರಿಹೋಯಿತು. 2012ರಲ್ಲಿ ಆಫ್ರಿಕನ್ ಒಕ್ಕೂಟದ ಆಯೋಗಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಆಡಿಸ್ ಅಬಾಬಾಕ್ಕೆ ಹೋದರು.

ಅಲ್ಲಿದ್ದಾಗ ಬರೆದ ಒಂದು ಪತ್ರದ ಬಗ್ಗೆ ಹೇಳಲೇಬೇಕು. 2014ರಲ್ಲಿ ಖಂಡದ ಮಂತ್ರಿಗಳೆಲ್ಲ ಸೇರಿದ್ದಾಗ, 2063ನೇ ಇಸವಿಯ ತಾರೀಕು ಹಾಕಿ, ಕ್ವಾಮೆ ಎಂಬ ಗೆಳೆಯನಿಗೆಂದು ಬರೆದ ಇಮೇಲ್ ಒಂದನ್ನು ಅವರು ಹಂಚಿಕೊಂಡರು. ಘಾನಾದ ನಾಯಕ ಎನ್‌ಕ್ರೂಮಾ ಕನಸಿದ ಒಗ್ಗಟ್ಟಿನ ಆಫ್ರಿಕಾ ಕೈಗೂಡಿದೆ, ವೇಗದ ರೈಲುಗಳು ಖಂಡದ ಉದ್ದಗಲಕ್ಕೆ ಓಡುತ್ತಿವೆ ಎಂಬ ಒಕ್ಕಣೆ. ಐವತ್ತು ವರ್ಷ ಮುಂದಕ್ಕೆ ಕಣ್ಣು ಹಾಯಿಸುವ ರಾಜಕಾರಣಿಗಳು ಎಷ್ಟು ಜನ ಇದ್ದಾರೆ? ಆ ಕನಸಿಗೆ ನನ್ನ ಗೌರವವಿದೆ. ಆದರೆ ಅದೇ ವರ್ಷ ಲೈಬೀರಿಯಾ, ಸಿಯೆರಾ ಲಿಯೋನ್, ಗಿನಿಗಳಲ್ಲಿ ಎಬೋಲಾ ಹಬ್ಬಿದಾಗ ಒಕ್ಕೂಟ ಎಚ್ಚೆತ್ತದ್ದು ತಡವಾಗಿ ಎಂದು ಬಹಳ ಜನ ದೂರಿದರು. ಅಧ್ಯಕ್ಷೆ ಸ್ವತಃ ವೈದ್ಯೆಯಾದ್ದರಿಂದ ಆ ದೂರು ಇನ್ನೂ ಭಾರವಾಗಿತ್ತು.

ಅವರ ಪಕ್ಷವಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನೊಳಗಿನ ಕಥೆಯೂ ಹೀಗೆಯೇ ಎರಡು ಮಗ್ಗುಲಿನದು. 2007ರ ಪೊಲೊಕ್ವಾನೆ ಅಧಿವೇಶನದಲ್ಲಿ ಅವರು ನಿಂತದ್ದು ಜುಮಾರ ಎದುರಾಳಿ ಎಂಬೆಕಿಯ ಬಣದಲ್ಲಿ. ಹತ್ತು ವರ್ಷದ ನಂತರ ಪಕ್ಷದ ಅಧ್ಯಕ್ಷಗಿರಿಗೆ ಸ್ಪರ್ಧಿಸಿದಾಗ ಜುಮಾ ಬಣವೇ ಅವರ ಬೆನ್ನಿಗೆ ನಿಂತಿತು. ಸಹಾರನಪುರದಿಂದ ಹೋದ ಗುಪ್ತಾ ಸಹೋದರರು ಸರ್ಕಾರವನ್ನೇ ಕೈವಶ ಮಾಡಿಕೊಂಡರೆಂದು ಜನ ರೊಚ್ಚಿಗೆದ್ದಿದ್ದ ಸಮಯವದು. ಆ ಕೊಳೆ ಇವರಿಗೂ ಅಂಟಿತು. ರಾಮಫೋಸಾ 2,440, ದ್ಲಾಮಿನಿ-ಜುಮಾ 2,261. ಬರೀ 179 ಮತಗಳಿಂದ ದೇಶದ ಮೊದಲ ಮಹಿಳಾ ಅಧ್ಯಕ್ಷೆಯಾಗುವ ಅವಕಾಶ ತಪ್ಪಿತು.

ಆಮೇಲೆ ಕೋವಿಡ್ ಬಂತು, ಹಳೆಯ ಶತ್ರುವನ್ನೂ ಕರೆತಂದಿತು. 2020ರ ಏಪ್ರಿಲ್ 23ರಂದು ಅಧ್ಯಕ್ಷ ರಾಮಫೋಸಾ, ಲಾಕ್‌ಡೌನಿನಲ್ಲಿ ನಿಷೇಧಿಸಿದ್ದ ಸಿಗರೇಟು ಮಾರಾಟಕ್ಕೆ ಅವಕಾಶ ಕೊಡುತ್ತೇವೆಂದರು. ಆರೇ ದಿನಕ್ಕೆ ಅವರ ಸಂಪುಟದಲ್ಲಿ ಮಂತ್ರಿಯಾಗಿದ್ದ ಡಾಕ್ಟರಮ್ಮ ಬಂದು ಇಲ್ಲವೆಂದರು. ಕಾಗದಕ್ಕೆ ಎಂಜಲು ಹಚ್ಚಿ ಸುತ್ತಿ, ಒಂದನ್ನೇ ಹಲವರು ಸೇದುವುದರಿಂದ ಸೋಂಕು ಹರಡುತ್ತದೆಂದು ಅವರು ವಿವರಿಸಿದ್ದನ್ನು ಯಾರೋ ಹಾಡಾಗಿಸಿ ದೇಶವೆಲ್ಲ ಕುಣಿಯಿತು. ನಿಷೇಧ ಆಗಸ್ಟ್‌ವರೆಗೂ ನಡೆಯಿತು. ಸಿಗರೇಟು ಕಳ್ಳಸಂತೆಗೆ ಸರಿಯಿತು, ಜನ ದುಪ್ಪಟ್ಟು ಬೆಲೆ ತೆತ್ತು ಸೇದಿದರು. ನಿಷೇಧ ಸಂವಿಧಾನಕ್ಕೆ ವಿರುದ್ಧವೆಂದು ವೆಸ್ಟರ್ನ್ ಕೇಪ್ ಹೈಕೋರ್ಟ್ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. 1999ರಲ್ಲಿ ಅವರ ಕಟ್ಟುನಿಟ್ಟು ಕಂಪನಿಗಳ ಜಾಹೀರಾತಿನ ಮೇಲಿತ್ತು, 2020ರಲ್ಲಿ ಚಟಕ್ಕೆ ಬಿದ್ದ ಬಡವನ ಮೇಲೆ ಬಿತ್ತು. ಮೊದಲನೆಯದು ಗೆದ್ದು ಎರಡನೆಯದು ಸೋತದ್ದಕ್ಕೆ ನನಗೆ ಕಾಣುವ ಕಾರಣ ಇದೇ.

2022ರ ಡಿಸೆಂಬರಿನಲ್ಲಿ, ರಾಮಫೋಸಾ ಅವರ ತೋಟದ ಮನೆಯಲ್ಲಿ ಅಡಗಿಸಿಟ್ಟಿದ್ದ ಡಾಲರ್ ಕಳವಾದ ಪ್ರಕರಣದ ವರದಿ ಸಂಸತ್ತಿಗೆ ಬಂತು. ತಿರಸ್ಕರಿಸಿ ಎಂದು ಪಕ್ಷ ಅಪ್ಪಣೆ ಮಾಡಿತ್ತು. ಹಾಲಿ ಮಂತ್ರಿಯಾಗಿದ್ದೂ ಅವರು ವರದಿಯ ಪರ ಮತ ಹಾಕಿದರು. ಸೋತ ಸ್ಪರ್ಧಿಯ ಸೇಡು ಎಂದವರಿದ್ದಾರೆ, ತತ್ವನಿಷ್ಠೆ ಎಂದವರೂ ಇದ್ದಾರೆ. ಒಬ್ಬರ ಮನಸ್ಸಿನೊಳಗೆ ಹೊಕ್ಕು ನೋಡಲು ಬಾರದು. ಅಧ್ಯಕ್ಷನೂ ತನಿಖೆಗೆ ಅತೀತನಲ್ಲ ಎಂದು ಹೇಳಿದ ಆ ಮತ ಸರಿಯಾದದ್ದೇ ಎಂದು ನಾನು ನಂಬುತ್ತೇನೆ.

ಹಾಗಾದರೆ ಹಠ ಇರಬೇಕೋ ಬೇಡವೋ? ಯಾರೆದುರಿಗೆ ಎಂದು ಕೇಳದೆ ಈ ಪ್ರಶ್ನೆಗೆ ಉತ್ತರವಿಲ್ಲ. ತಮಗಿಂತ ಬಲಿಷ್ಠರ ಎದುರಿಗೆ ಡಾಕ್ಟರಮ್ಮ ಹಠ ಹಿಡಿದಾಗಲೆಲ್ಲ ಬಡವರಿಗೆ ಏನಾದರೂ ದಕ್ಕಿದೆ. ತಿಳಿದವರ ಮಾತಿಗೆ, ನೊಂದವರ ಅಳಲಿಗೆ ಕಿವಿ ಕೊಡದೆ ಅದೇ ಹಠ ಹಿಡಿದಾಗ ಬಡವರೇ ಅದರ ಬೆಲೆ ತೆತ್ತಿದ್ದಾರೆ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡುವುದು ಅವರಿಗೂ ಗೌರವವಲ್ಲ, ಆ ಜನರಿಗೂ ಅಲ್ಲ. ದೊಡ್ಡವರ ಎದುರು ತಲೆ ಬಾಗದ, ಸಣ್ಣವರು ಕರೆದರೆ ತಿರುಗಿ ನೋಡುವ ನಾಯಕರನ್ನು ಕೇಳುವ ಹಕ್ಕು ಎಲ್ಲ ನಾಡಿನ ಜನರಿಗೂ ಇದೆ. ಅದಕ್ಕಿಂತ ಕಡಿಮೆಗೆ ನಾವು ಒಪ್ಪಬಾರದು.