ಕೊಸರು, ಪಾಯಿಂಟು, ಬೋನಸ್ಸು

ನಮ್ಮ ಅಗರದ ಕಡೆ ಸಂತೆಯಲ್ಲಿ ಕೊಸರು ಕೇಳದೆ ಯಾರೂ ಚೀಲ ಎತ್ತುವುದಿಲ್ಲ. "ಇನ್ನೊಂದೆರಡು ಹಾಕವ್ವ, ವಾರವಾರವೂ ನಿನ್ನ ಹತ್ರಾನೇ ಅಲ್ವಾ ಬರೋದು" ಅಂದರೆ ಸಾಕು, ನಾಲ್ಕು ಮೆಣಸಿನಕಾಯಿ ಮೇಲೆ ಬೀಳುತ್ತವೆ. ಕೊಡುವ ಕೈಯೂ ಕಾಣುತ್ತದೆ, ಕೊಟ್ಟಿದ್ದೂ ಕಾಣುತ್ತದೆ.

ಈಗ ಟೀ ಅಂಗಡಿಯಲ್ಲೂ ಸ್ಕ್ಯಾನರ್ ಬಂದಿದೆ. ದುಡ್ಡು ಕಳಿಸಿದರೆ ಫೋನಿನಲ್ಲಿ ಸ್ಕ್ರಾಚ್ ಕಾರ್ಡು. ಉಜ್ಜಿದರೆ ಒಮ್ಮೆ ಎರಡು ರೂಪಾಯಿ, ಹತ್ತು ಸಲ ನಮಗೆ ಬೇಡದ ಯಾವುದೋ ಕೂಪನ್. ಇಂಥ ಆಮಿಷ ಹೊಸತೇನಲ್ಲ. ಅಮೆರಿಕನ್ ಏರ್‌ಲೈನ್ಸ್ ಎಂಬ ವಿಮಾನ ಕಂಪನಿ 1981ರಲ್ಲೇ ಹಾರಿದ ಮೈಲಿಗೆ ಲೆಕ್ಕ ಇಟ್ಟು ಪುಕ್ಕಟೆ ಟಿಕೆಟ್ ಕೊಡತೊಡಗಿತು. ಆ ಪದ್ಧತಿ ಈಗ ಕ್ರೆಡಿಟ್ ಕಾರ್ಡಿಗೂ ಬಟ್ಟೆ ಅಂಗಡಿಗೂ ಹಬ್ಬಿದೆ. ಒಂದು ಪಾಯಿಂಟಿಗೆ ಎಷ್ಟು ಕಾಸು, ಯಾವಾಗ ವಾಯಿದೆ ಮುಗಿಯುತ್ತದೆ ಅನ್ನುವುದನ್ನೆಲ್ಲ ನಿರ್ಧರಿಸುವುದು ಕಂಪನಿಯೇ. ನನಗೆ ಇದು ಒಪ್ಪಿಗೆಯಿಲ್ಲ.

ಇದಕ್ಕಿಂತ ಗಟ್ಟಿಯಾದದ್ದು ಹಾಲಿನ ಡೇರಿಯ ಬೋನಸ್. ಬೆಳಿಗ್ಗೆ ಸಂಜೆ ಹಾಲು ಹಾಕುತ್ತಾರೆ, ಫ್ಯಾಟ್ ನೋಡುತ್ತಾರೆ, ಪಾಸ್‌ಬುಕ್ಕಿಗೆ ಏರಿಸುತ್ತಾರೆ, ಬಟವಾಡೆ ಆಗುತ್ತದೆ. ವರ್ಷದ ಕೊನೆಗೆ ಸಂಘದ ನಿವ್ವಳ ಲಾಭದಲ್ಲಿ ಶೇ. 25ಕ್ಕೆ ಕಡಿಮೆಯಿಲ್ಲದಷ್ಟು ಆಪದ್ಧನಕ್ಕೆ ಹೋಗಬೇಕು. ನಮ್ಮ ರಾಜ್ಯದ 1959ರ ಸಹಕಾರ ಸಂಘಗಳ ಕಾಯ್ದೆಯ ಮಾತು ಅದು. ಉಳಿದದ್ದರಲ್ಲಿ ಬೋನಸ್ಸಿಗೆಂದು ತೆಗೆದದ್ದು, ಯಾರು ಎಷ್ಟು ಹಾಲು ಹಾಕಿದ್ದಾರೋ ಆ ಲೆಕ್ಕಕ್ಕೆ ಅವರವರಿಗೆ. ಒಂದೇ ಹಸು ಕಟ್ಟಿದ ಹೆಂಗಸಿಗೂ ಹತ್ತು ಹಸುವಿನ ಯಜಮಾನರಿಗೂ ದರ ಒಂದೇ.

ಹಾಲು ಹಾಕುವವರು ಗಿರಾಕಿಗಳಲ್ಲವಲ್ಲ ಎಂದು ಕೇಳಬಹುದು. ಗಿರಾಕಿಗಳೂ ಹೀಗೆ ಮಾಡಿದ್ದುಂಟು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಿನ ನೇಕಾರರೂ ಇತರ ಕಸುಬಿನವರೂ ಸೇರಿ ಸ್ವಂತ ದಿನಸಿ ಅಂಗಡಿ ತೆರೆದರು. ಅಲ್ಲಿ ಎಷ್ಟು ಕೊಂಡರೋ ಅಷ್ಟಕ್ಕೆ ತಕ್ಕ ಲಾಭ ಸದಸ್ಯರಿಗೇ ಮರಳುತ್ತಿತ್ತು. ಸಹಕಾರದ ಆ ದಾರಿ 1905ರಲ್ಲಿ ಗದಗ ಸೀಮೆಯ ಕಣಗಿನಹಾಳಕ್ಕೆ ಬಂತು, ಸಿದ್ದನಗೌಡ ಪಾಟೀಲರಿಂದ. ಅಲ್ಲಿಂದ ಬೆಳೆಯುತ್ತ ನಮ್ಮೂರುಗಳ ಡೇರಿಯ ತನಕ.

ಡೇರಿಯಲ್ಲಿ ತೊಂದರೆಗಳಿಲ್ಲ ಎನ್ನಲಾರೆ. ಆದರೆ ಅಲ್ಲಿ ಕೇಳಲು ಜಾಗವಿದೆ. ಲೆಕ್ಕ ಓದುವುದು ವಾರ್ಷಿಕ ಸಭೆಯಲ್ಲಿ. ಸದಸ್ಯರೆಲ್ಲ ಎದ್ದು ನಿಂತು ಪ್ರಶ್ನೆ ಹಾಕಬಹುದು. ಹಾಲು ಕರೆಯುವ ಹೆಂಗಸರು ಆ ಸಭೆಗೆ ಹೋಗಬೇಕು, ಗಂಡಸರ ಸಹಿ ಸಾಕೆಂದು ಮನೆಯಲ್ಲೇ ಉಳಿಯಬಾರದು. ಫೋನಿನಲ್ಲಿ ಪಾಯಿಂಟು ಕೊಡುವ ಕಂಪನಿಗಳೂ ಒಂದು ಪಾಯಿಂಟಿನ ಬೆಲೆ, ಅದರ ವಾಯಿದೆ ಎರಡನ್ನೂ ಕನ್ನಡದಲ್ಲಿ, ದುಡ್ಡು ಕಟ್ಟುವ ಮೊದಲೇ ತೋರಿಸಲಿ.