ಕಡಲ ತಡಿಯಲ್ಲಿ ನಾಲ್ಕು ದಿನ, ನಾಲ್ಕು ಪುಸ್ತಕ

ಸಮುದ್ರ ನೋಡಿ ಬಂದವರ ಮನೆಗೆ ಹೋದರೆ ಈಗ ಕಾಫಿಗಿಂತ ಮೊದಲು ಕೈಗೆ ಬರುವುದು ಫೋನು. "ನೋಡಿ, ಇದು ಅಲೆ, ಇದು ಅಲೆಯ ಮುಂದೆ ನಾವು, ಇದು ನಮ್ಮ ಮುಂದೆ ಐಸ್‌ಕ್ರೀಮು!" ಚಿತ್ರಗಳು ಮುಗಿಯುವ ಹೊತ್ತಿಗೆ ಕಾಫಿ ಆರಿರುತ್ತದೆ. ಅವರನ್ನು ಆಡಿಕೊಳ್ಳುತ್ತಿದ್ದೇನೆ ಎಂದುಕೊಳ್ಳಬೇಡಿ ಸೋದರಿಯರೇ, ನಮ್ಮ ಮನೆಯಲ್ಲೂ ಅದೇ ಕಥೆ. ಮನೆಯಲ್ಲಿ ಐದು ಜನ, ನಾಲ್ಕು ಫೋನು. ಫೋನಿಲ್ಲದವರು ಅತ್ತೆಯವರೊಬ್ಬರೇ.

ಆದ್ದರಿಂದ ಈ ಸಲ ದಸರಾ ರಜೆಗೆ ಕುಂದಾಪುರದ ಕಡೆ ಹೋಗುವುದೆಂದು ನಿಶ್ಚಯವಾದಾಗ ನಾನೊಂದು ಕರಾರು ಹಾಕಿದೆ. ನಾಲ್ಕು ದಿನ ಫೋನು ಅವಲಕ್ಕಿ ಡಬ್ಬದಲ್ಲಿ. ತಲೆಗೊಂದು ಪುಸ್ತಕ. ನಮ್ಮವರು ಹೌಹಾರಿದರು. "ಅಲ್ಲ ಕಣೇ, ಅಂಗಡಿ ಹುಡುಗ ಫೋನ್ ಮಾಡಿದ್ರೆ?" ಎಂದರು. ನ್ಯಾಯವಾದ ಮಾತೇ. ಇಳಿದುಕೊಳ್ಳುವ ಮನೆಯವರ ನಂಬರನ್ನು ಅಂಗಡಿಗೂ ನನ್ನ ತಂಗಿಗೂ ಕೊಟ್ಟು, ತೀರಾ ಅಗತ್ಯವಿದ್ದರೆ ಮಾತ್ರ ಎಂದು ಹೇಳಿದೆವು. ರಾತ್ರಿ ಊಟದ ನಂತರ ಒಂದೇ ಒಂದು ಫೋನನ್ನು ಹತ್ತು ನಿಮಿಷ ತೆಗೆಯುವುದು ಎಂದೂ ಆಯಿತು. ಇಂಥ ಒಂದು ಕಿಂಡಿ ಇಟ್ಟುಕೊಳ್ಳದೆ ಫೋನು ಮುಚ್ಚಿಡಬೇಡಿ. ಊರಿನಲ್ಲಿ ವಯಸ್ಸಾದವರಿದ್ದರೆ ಮನಸ್ಸೆಲ್ಲ ಡಬ್ಬದಲ್ಲೇ ಇರುತ್ತದೆ.

ಶಿವಮೊಗ್ಗ ದಾಟಿ, ತೀರ್ಥಹಳ್ಳಿಯಲ್ಲಿ ತಿಂಡಿ ತಿಂದು, ಆಗುಂಬೆಯ ಹದಿನಾಲ್ಕು ತಿರುವು ಇಳಿದು, ಹೆಬ್ರಿಯ ಮೇಲೆ ಬ್ರಹ್ಮಾವರಕ್ಕೆ ಬಂದೆವು. ಘಟ್ಟ ಇಳಿಯುವಾಗ ಬಾಯಲ್ಲಿ ನಿಂಬೆಹುಳಿ ಪೆಪ್ಪರ್‌ಮಿಂಟು ಇರಲಿ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66, ಮೊದಲು 17 ಎನ್ನುತ್ತಿದ್ದರಲ್ಲ, ಅದೇ. ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಆನೆಗುಡ್ಡೆ ಗಣಪತಿಯ ಕುಂಭಾಶಿ, ಕೋಟೇಶ್ವರ. ಒಂದಾದ ಮೇಲೊಂದು ಊರು, ಎಡಗಡೆ ತೆಂಗಿನ ಮರಗಳ ಆಚೆ ಎಲ್ಲೋ ಸಮುದ್ರ. ಕೋಟೇಶ್ವರದ ಹತ್ತಿರ ಬೀಜಾಡಿಯ ಕಡೆ ತಿರುಗಿ, ಕಡಲಿಗೆ ಐದು ನಿಮಿಷ ನಡೆದರೆ ಸಿಗುವ ಒಂದು ಹೆಂಚಿನ ಮನೆಯಲ್ಲಿ ಇಳಿದೆವು. ಮನೆಯವರೇ ಊಟ, ತಿಂಡಿ ಮಾಡಿ ಹಾಕುತ್ತಾರೆ.

ಈ ಕೊನೆಯ ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಸ್ಟವ್ವು, ಅಕ್ಕಿ, ಸಾಂಬಾರ್ ಪುಡಿ ಕಟ್ಟಿಕೊಂಡು ಹೋದರೆ ದುಡ್ಡು ಉಳಿಯುತ್ತದೆ, ನಿಜ. ಆದರೆ ಪುಸ್ತಕ ಓದುವವರು ಯಾರು? ಗಂಡ ಮಕ್ಕಳು. ನೀವಲ್ಲ! ಮನೆಯಲ್ಲಿ ಸುಡುವ ಒಗ್ಗರಣೆಯನ್ನೇ ಸಮುದ್ರದ ಗಾಳಿಯಲ್ಲಿ ಸುಟ್ಟು ಬಂದರೆ ಅದಕ್ಕೆ ರಜೆ ಎನ್ನುತ್ತಾರೆಯೇ? ಒಂದು ದಿನ ಕಡಿಮೆ ಇದ್ದರೂ ಪರವಾಗಿಲ್ಲ, ಊಟ ಹಾಕುವ ಮನೆಯಲ್ಲೇ ಇಳಿಯಿರಿ. ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ, ಸುಟ್ಟ ಹಪ್ಪಳ, ಬೆಳಿಗ್ಗೆ ಹಲಸಿನೆಲೆಯ ಕೊಟ್ಟೆ ಕಡುಬು ಇಷ್ಟು ಸಿಕ್ಕರೆ ಸಾಕಲ್ಲವೇ? ಇನ್ನೊಬ್ಬರು ಬಡಿಸಿದ ಗಂಜಿಗೆ ಎಂಥ ರುಚಿ ಎಂಬುದು ನಮ್ಮಂಥವರಿಗಷ್ಟೇ ಗೊತ್ತು.

ಮೊದಲ ದಿನ ಯಾರೂ ಓದಲಿಲ್ಲ. ಮಗನ ಕೈ ಗಳಿಗೆಗೊಮ್ಮೆ ಚಡ್ಡಿಯ ಜೇಬಿಗೆ ಹೋಗುತ್ತಿತ್ತು. ಮಗಳು, ಪಿಯುಸಿ ಎರಡನೇ ವರ್ಷದವಳು, ಮುಖ ಊದಿಸಿಕೊಂಡು ಕೂತಳು. ನಮ್ಮವರು ಪುಸ್ತಕ ತೆರೆದು ಮುಖದ ಮೇಲೆ ಮುಚ್ಚಿಕೊಂಡು ಗೊರಕೆ ಹೊಡೆದರು. ನನ್ನದಾದರೂ ಏನು? ಒಂದು ಪುಟ ಓದುವಷ್ಟರಲ್ಲಿ ಹಾಲಿನವನಿಗೆ ಬೇಡವೆಂದು ಹೇಳಿದೆನೇ, ಹಿತ್ತಿಲ ನಲ್ಲಿ ತಿರುಗಿಸಿದೆನೇ, ಒಣಗಲು ಹಾಕಿದ ಮೆಣಸಿನಕಾಯಿ ಒಳಗಿಟ್ಟೆನೇ, ಹೀಗೇ. ಗಂಡಸರಿಗೆ, ಮಕ್ಕಳಿಗೆ ಫೋನಿನ ಗುಂಡಿ ಒತ್ತಿದರೆ ಆಯಿತು. ಹೆಂಗಸಿನ ತಲೆಯೊಳಗೆ ಓಡುವ ಮನೆಯನ್ನು ನಿಲ್ಲಿಸಲು ಗುಂಡಿ ಎಲ್ಲಿದೆ? ಅದು ತಾನಾಗಿಯೇ ನಿಲ್ಲಬೇಕು. ನನಗೆ ಎರಡನೇ ದಿನ ಹನ್ನೊಂದು ಗಂಟೆಯ ಹೊತ್ತಿಗೆ ನಿಂತಿತು.

ಹೋಗುವವರಿಗೆ ಕೆಲವು ಕೆಲಸಕ್ಕೆ ಬರುವ ಮಾತು. ಕಡಲ ಗಾಳಿಗೆ ಪುಟ ನಿಲ್ಲುವುದಿಲ್ಲ. ಬಟ್ಟೆಗೆ ಹಾಕುವ ಕ್ಲಿಪ್ಪು ಎರಡು ಒಯ್ಯಿರಿ, ಪುಸ್ತಕದ ಎರಡು ಮಗ್ಗುಲಿಗೂ ಹಾಕಿದರೆ ಅಲುಗಾಡುವುದಿಲ್ಲ. ಹಳೆಯ ಸೀರೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಚಪ್ಪಲಿ ಇಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿಯ ಹಾಳೆ ಕಣ್ಣಿಗೆ ಚುಚ್ಚುತ್ತದೆ. ಬೆಳಿಗ್ಗೆ, ಇಲ್ಲವೇ ನಾಲ್ಕರ ಮೇಲೆ, ಗಾಳಿಮರದ ನೆರಳಿನಲ್ಲಿ ಕೂರಿ. ತಿನ್ನಲು ಎಣ್ಣೆಯದ್ದು ಬೇಡ. ಚಕ್ಕುಲಿ ತಿಂದ ಬೆರಳು ಪುಟದ ಮೇಲೆ ಗುರುತು ಬಿಡುತ್ತದೆ. ಹುರಿಗಡಲೆ, ಕಡಲೆಕಾಯಿ ಬೀಜವಾದರೆ ಒಳ್ಳೆಯದು. ಉಪ್ಪು ಗಾಳಿಗೆ ಕಾಗದ ಮೆತ್ತಗಾಗುತ್ತದೆ. ಅಂಟು ಹಾಕಿ ಮಾಡಿದ ಹೊಸ ಪುಸ್ತಕದ ಹಾಳೆ ಬಿಸಿಗೆ ಕಳಚಿ ಬರುವುದುಂಟು. ದಾರ ಹಾಕಿ ಹೊಲಿದ ಹಳೆಯ ಪುಸ್ತಕ ಗಟ್ಟಿ. ನಮ್ಮದರಲ್ಲಿ ಎರಡು ಊರಿನ ಲೈಬ್ರರಿಯವು. ಅವಕ್ಕೆ ಮಗನ ಶಾಲೆಯ ಪುಸ್ತಕಕ್ಕೆ ಹಾಕುವಂತೆ ಬೈಂಡು ಹಾಕಿ, ಮೇಲೆ ಪ್ಲಾಸ್ಟಿಕ್ ಚೀಲ ಹಾಕಿದ್ದೆ.

ಇನ್ನೊಂದು ಮಾತು, ಇದು ತಮಾಷೆಯದಲ್ಲ. ಕಡಲಿನ ಮುಂದೆ ದೊಡ್ಡವರೆಲ್ಲ ಒಟ್ಟಿಗೆ ಪುಸ್ತಕದಲ್ಲಿ ಮುಳುಗಬಾರದು. ಮಳೆಗಾಲ ಮುಗಿದ ಹೊಸತರಲ್ಲಿ ಅಲೆಯ ಸೆಳೆತ ಇನ್ನೂ ಜೋರು. ಮೊಣಕಾಲು ನೀರಿನಲ್ಲೇ ಕಾಲ ಕೆಳಗಿನ ಮರಳು ಜಾರುತ್ತದೆ. ಮಕ್ಕಳು ನೀರಿನ ಹತ್ತಿರ ಇರುವಷ್ಟು ಹೊತ್ತು ನಾನೋ ನಮ್ಮವರೋ, ಸರದಿಯ ಮೇಲೆ ಒಬ್ಬರು ಪುಸ್ತಕ ಮುಚ್ಚಿ ನೀರಿನ ಕಡೆಗೇ ನೋಡುತ್ತಿದ್ದೆವು.

"ಮರವಂತೆಗೆ ಹೋಗಲಿಲ್ಲವೇ?" ಎಂದು ಕೇಳುತ್ತೀರಿ. ಹೋಗದೆ ಉಂಟೇ! ಒಂದು ಸಂಜೆ ಹೋಗಿ ಬಂದೆವು. ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ, ನಡುವೆ ರಸ್ತೆ. ಅಲೆಯ ಸಪ್ಪಳ ಒಂದು ಕಿವಿಗೆ, ಇನ್ನೊಂದು ಕಿವಿಯ ಕಡೆ ನದಿ ಸದ್ದೇ ಇಲ್ಲದೆ ಮಲಗಿರುತ್ತದೆ. ಕೊಲ್ಲೂರಮ್ಮನ ಕಾಲಡಿಯಿಂದ ಬಂದ ನೀರು ಅಲ್ಲವೇ ಎಂದು ಅತ್ತೆಯವರು ಕಾರಿನಿಂದಲೇ ಕೈ ಮುಗಿದರು. ನದಿಯ ಕಡೆಗಿರುವ ವರಾಹ ದೇವಸ್ಥಾನಕ್ಕೂ ಹೋದೆವು. ನೋಡಲು ಅಷ್ಟು ಚೆಂದದ ಜಾಗ ಬೇರೆ ಕಂಡಿಲ್ಲ. ಆದರೆ ಓದಲು ಅಲ್ಲ. ಹೆದ್ದಾರಿಯ ಲಾರಿಗಳ ಸದ್ದು, ಕಡಲು ಕೊರೆಯದಂತೆ ಹಾಕಿದ ಕರಿಬಂಡೆಗಳು, ಫೋಟೋ ತೆಗೆಯುವವರ ಸಂತೆ. ಓದುವವರಿಗೆ ಹೆಸರಿಲ್ಲದ ದಂಡೆಯೇ ಮೇಲು.

ಈಗ ಪುಸ್ತಕಗಳ ಕಡೆ ಬರುತ್ತೇನೆ. ಮಗನಿಗೆ ತೇಜಸ್ವಿಯವರ 'ಕರ್ವಾಲೊ'. 1980ರ ಪುಸ್ತಕ, ಆದರೂ ಹದಿಮೂರು ವರ್ಷದ ಹುಡುಗ ಮಂದಣ್ಣನ ಪ್ರಸಂಗ ಓದುತ್ತ ಒಬ್ಬನೇ ಕಿಸಕ್ಕನೆ ನಗುತ್ತಿದ್ದ. ಹಾರುವ ಓತಿ ನಿಜವಾಗಿ ಇದೆಯೇ ಎಂದು ಅಪ್ಪನನ್ನು ಎಬ್ಬಿಸಿ ಕೇಳಿದ. ಇದೆ, ನಮ್ಮ ಪಶ್ಚಿಮ ಘಟ್ಟದಲ್ಲೇ ಇದೆ ಎಂದು ಮನೆಯವರು ಹೇಳಿದ ಮೇಲೆ ಹಿತ್ತಿಲ ಅಡಿಕೆ ಮರಗಳನ್ನೆಲ್ಲ ಕತ್ತೆತ್ತಿ ನೋಡಿಕೊಂಡು ಬಂದ. ಮಗಳು ತನ್ನದೊಂದು ಇಂಗ್ಲಿಷ್ ಕಾದಂಬರಿ ತಂದಿದ್ದಳು. ನಮ್ಮವರಿಗೆ ನಾನೇ ಆರಿಸಿದ್ದು ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'. ಕಾರಂತರು 1902ರಲ್ಲಿ ಹುಟ್ಟಿದ್ದು ನಾವು ದಾಟಿ ಬಂದ ಕೋಟದಲ್ಲೇ. ಮೂರು ತಲೆಮಾರಿನ ಆ ಕಥೆ ನಡೆಯುವುದೂ ಇದೇ ಕರಾವಳಿಯಲ್ಲಿ. ಅದರಲ್ಲಿ ಬರುವ ಪಾರೋತಿ, ಸರಸೋತಿ ಎಂಬ ಹೆಂಗಸರ ದುಡಿಮೆಯನ್ನು ಓದಿ, ಕತ್ತೆತ್ತಿ ದಂಡೆಯ ಮೇಲೆ ಸೌದೆ ಹೊತ್ತು ಹೋಗುವ ಹೆಂಗಸನ್ನು ನೋಡಿ, ನಮ್ಮವರು ಮತ್ತೆ ಪುಸ್ತಕ ನೋಡಿದರು. ನಾಲ್ಕು ದಿನದಲ್ಲಿ ಅರ್ಧವೂ ಮುಗಿಯಲಿಲ್ಲ. ಆದರೆ ಮೂರನೇ ದಿನದಿಂದ ಗೊರಕೆ ಕೇಳಲಿಲ್ಲ!

ನಾಲ್ಕನೆಯದು ನನ್ನದು, ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. ಇಂದಿರಾ ಅವರು ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಅವರ ಮೊದಲ ಕಾದಂಬರಿ 'ತುಂಗಭದ್ರ' ಅಚ್ಚಾದಾಗ ಅವರಿಗೆ ನಲವತ್ತೈದು ದಾಟಿತ್ತು. ನಮ್ಮ ವಯಸ್ಸಿನವರು ಇದನ್ನೊಂದು ನೆನಪಿಟ್ಟುಕೊಳ್ಳಬಹುದು. 1976ರಲ್ಲಿ ಬಂದ 'ಫಣಿಯಮ್ಮ' ದೊಡ್ಡ ಪುಸ್ತಕವಲ್ಲ. ನನ್ನ ಪಾಡಿಗೆ ಓದಿಕೊಳ್ಳೋಣ ಎಂದು ಗಾಳಿಮರದ ಕೆಳಗೆ ಕೂತೆ. ಪಕ್ಕದಲ್ಲಿ ಕುರ್ಚಿಯ ಮೇಲೆ ಅತ್ತೆಯವರು. ಅವರಿಗೆ ಎಪ್ಪತ್ತಮೂರು ವರ್ಷ. ಕಣ್ಣಿನ ಒತ್ತಡದ ಕಾಯಿಲೆಯಿಂದ ಅಕ್ಷರ ಕಾಣುವುದಿಲ್ಲ. ಅವರಿಗೆ ಫೋನೂ ಇಲ್ಲ, ಪುಸ್ತಕವೂ ಇಲ್ಲ. ನನ್ನ ಕರಾರಿನಲ್ಲಿ ಅವರಿಗೆ ಬಂದ ಪಾಲು ಬರೀ ಸಮುದ್ರ.

"ಯಾವ ಪುಸ್ತಕಾನಮ್ಮ ಅದು?" ಎಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರ್ಧ ಓದಿದ್ದೆ. ಪಕ್ಕದ ಮನೆಯವರದ್ದು, ವಾಪಸ್ ಕೇಳಿದ್ರು, ಕೊಟ್ಟೆ. ನಿನ್ನ ಗಂಡ ಆಗಿನ್ನೂ ಕೈಕೂಸು" ಎಂದರು. ಎಂದರೆ ಸುಮಾರು ನಲವತ್ತೆಂಟು ವರ್ಷದ ಹಿಂದೆ! ಆಮೇಲೆ ಯಾಕೆ ಓದಲಿಲ್ಲ ಎಂದು ನಾನು ಕೇಳಲಿಲ್ಲ. ಒಂಬತ್ತು ಜನರ ಮನೆಯ ಹಿರಿ ಸೊಸೆಯನ್ನು ಯಾರಾದರೂ ಅದನ್ನು ಕೇಳುತ್ತಾರೆಯೇ? "ಗಟ್ಟಿಯಾಗಿ ಓದ್ಲಾ ಅತ್ತೆ?" ಎಂದೆ. "ಓದಮ್ಮ. ಮೊದಲಿಂದ ಓದು" ಎಂದರು.

ಗಟ್ಟಿಯಾಗಿ ಓದಿ ನನಗೆ ಅಭ್ಯಾಸವಿಲ್ಲ. ಹೈಸ್ಕೂಲಿನಲ್ಲಿ ಪಾಠ ಓದಿದ್ದೇ ಕೊನೆ. ಅಲೆಯ ಸದ್ದಿಗಿಂತ ಜೋರಾಗಿ ಓದಬೇಕು ಬೇರೆ. ಚಿಕ್ಕ ಹುಡುಗಿಯಾಗಿರುವಾಗಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ನೂರು ದಾಟುವವರೆಗೆ ಬದುಕಿದ ಮಲೆನಾಡಿನ ಒಬ್ಬ ಹೆಂಗಸಿನ ಕಥೆ ಅದು. ಇಂದಿರಾ ಅವರ ಮನೆತನದಲ್ಲೇ ನಡೆದದ್ದು. 1983ರಲ್ಲಿ ಪ್ರೇಮಾ ಕಾರಂತರು ಸಿನಿಮಾ ಮಾಡಿದರು, ನಿಮ್ಮಲ್ಲಿ ಕೆಲವರು ನೋಡಿರಬಹುದು. ಎರಡನೇ ದಿನ ಮಗಳು ತನ್ನ ಇಂಗ್ಲಿಷ್ ಪುಸ್ತಕ ಮಡಿಚಿ ಹತ್ತಿರ ಬಂದು ಕೂತಳು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಂಟಲು ಒಣಗಿದಾಗ ಪುಸ್ತಕ ಅವಳ ಕೈಗೆ ಕೊಟ್ಟೆ. ಹಳೆಯ ಮಾತುಗಳಲ್ಲಿ ತಡವರಿಸಿದಾಗ ಅಜ್ಜಿಯೇ ತಿದ್ದಿದರು. ಮನೆಯ ಯಜಮಾನಿತಿ ಎಲೆ ಅಡಿಕೆ ತಟ್ಟೆ ಹಿಡಿದು ಬಂದು, "ಎಂಥ ಪುಸ್ತಕ ಅದು?" ಎಂದು ವಿಚಾರಿಸಿ, ಅಲ್ಲೇ ಮರಳಿನ ಮೇಲೆ ಕೂತು ಒಂದು ಅಧ್ಯಾಯ ಕೇಳಿ ಎದ್ದು ಹೋದರು.

ಮೂರನೇ ದಿನ ಸಂಜೆ. ಮಗಳು ಓದುತ್ತಿದ್ದಳು. ಕಷ್ಟದ ಹೆರಿಗೆಗೆ ಫಣಿಯಮ್ಮ ಮಡಿ ಮೈಲಿಗೆ ನೋಡದೆ ಹೋಗುವ ಪ್ರಸಂಗ ಬಂತು. "ನಿಲ್ಲಿಸು" ಎಂದರು ಅತ್ತೆಯವರು. ಕಣ್ಣು ಒರೆಸಿಕೊಂಡರೋ, ಗಾಳಿಗೆ ಮರಳು ಬಿತ್ತೋ, ನೋಡಲು ಹೋಗಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು. ಅವರ ತೌರಿನಲ್ಲೂ ಅಂಥ ಒಬ್ಬರಿದ್ದರು. ಅವರ ತಂದೆಯ ಅಕ್ಕ. ಹನ್ನೊಂದನೇ ವರ್ಷಕ್ಕೆ ಗಂಡ ಹೋದವರು. ಕೆಂಪು ಸೀರೆ, ಬೋಳು ತಲೆ, ಹಿತ್ತಿಲ ಕಡೆಯ ಕತ್ತಲೆ ಕೋಣೆ. ಮಕ್ಕಳೆಲ್ಲ 'ಮಡಿ ಅತ್ತೆ' ಎನ್ನುತ್ತಿದ್ದರಂತೆ. ಮಡಿಯಲ್ಲಿದ್ದಾಗ ಮುಟ್ಟುವಂತಿರಲಿಲ್ಲ. ರಾತ್ರಿ ಮಡಿ ಬಿಟ್ಟ ಮೇಲೆ ಮಗ್ಗುಲಲ್ಲಿ ಮಲಗಿಸಿಕೊಂಡು ಬೆನ್ನು ಸವರುತ್ತಿದ್ದರಂತೆ. ಮಾಸ್ತರರು ಇವರಿಗೆ ಓದು ಸಾಕೆಂದಾಗ, "ಹುಡುಗಿ ಇನ್ನೆರಡು ವರ್ಷ ಹೋಗ್ಲಿ" ಎಂದು ಗಟ್ಟಿಯಾಗಿ ಹೇಳಿದ್ದು ಅವರೊಬ್ಬರೇ. "ನಾನು ಅಕ್ಷರ ಓದಿದ್ದೇ ಅವಳಿಂದ" ಎಂದರು ಅತ್ತೆಯವರು.

ನಮ್ಮವರು ಪುಸ್ತಕ ಕೆಳಗಿಟ್ಟಿದ್ದರು. "ಇದನ್ನ ನೀನು ಯಾವತ್ತೂ ಹೇಳ್ಲೇ ಇಲ್ವಲ್ಲಮ್ಮ?" ಎಂದರು.

"ನೀವು ಯಾರು ಖಾಲಿ ಕೂತಿದ್ರಿ, ಹೇಳೋಕೆ?" ಎಂದರು ಅತ್ತೆ. ಕೋಪದಿಂದಲ್ಲ, ಲೆಕ್ಕ ಹೇಳುವ ಹಾಗೆ.

ಮಗಳು, "ಅಜ್ಜಿ, ಅವ್ರ ಹೆಸರೇನು?" ಎಂದಳು. ಎಷ್ಟು ನೆನೆಸಿಕೊಂಡರೂ ಅತ್ತೆಯವರಿಗೆ ಹೊಳೆಯಲಿಲ್ಲ. ಮಡಿ ಅತ್ತೆ ಎನ್ನುವುದನ್ನು ಬಿಟ್ಟು ಬೇರೆ ಹೆಸರಿನಿಂದ ಯಾರೂ ಕರೆದಿದ್ದನ್ನೇ ಕೇಳಿರಲಿಲ್ಲ. ಆ ರಾತ್ರಿ ಹತ್ತು ನಿಮಿಷಕ್ಕೆಂದು ಫೋನು ತೆಗೆದಾಗ ನಮ್ಮವರು ಅಂಗಡಿಗೆ ಮಾಡದೆ, ದಾವಣಗೆರೆಯಲ್ಲಿರುವ ಸೋದರಮಾವನಿಗೆ ಮಾಡಿದರು. ಎಂಬತ್ತೊಂದು ವರ್ಷದ ಮಾವನವರಿಗೆ ಹೆಸರು ನೆನಪಿತ್ತು. ಫೋನು ಅತ್ತೆಯವರ ಕಿವಿಗೆ ಹಿಡಿದೆವು. ಅಣ್ಣ ತಂಗಿ ಇಬ್ಬರೂ ಆ ಹೆಸರನ್ನು ಎರಡು ಸಲ ಹೇಳಿಕೊಂಡರು. ಹತ್ತು ನಿಮಿಷದ ಕರಾರು ಮುಕ್ಕಾಲು ಗಂಟೆಯಾಯಿತು, ನಾನು ಬಾಯಿ ಬಿಡಲಿಲ್ಲ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮನೆಯ ಮಾತು. ಮಗಳು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ.

ಮಾರನೇ ದಿನ ಬೆಳಿಗ್ಗೆ ಉಳಿದ ಪುಟಗಳನ್ನು ನಾನೇ ಓದಿದೆ. ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿಯುವ ಹುಡುಗಿ ದಾಕ್ಷಾಯಿಣಿಯ ಪರವಾಗಿ ಮುದುಕಿ ಫಣಿಯಮ್ಮ ನಿಲ್ಲುವಲ್ಲಿ ಅತ್ತೆಯವರು ಕುರ್ಚಿಯ ಕೈಯನ್ನು ಎರಡು ಸಲ ತಟ್ಟಿದರು.

ಹೊರಡುವಾಗ ಕೋಟತಟ್ಟಿನಲ್ಲಿರುವ ಕಾರಂತ ಥೀಮ್ ಪಾರ್ಕಿಗೆ ಅರ್ಧ ಗಂಟೆ ಹೋಗಿ ಬಂದೆವು. ಮಕ್ಕಳಿದ್ದರೆ ನೀವೂ ಹೋಗಿ, ದಾರಿಯಲ್ಲೇ ಸಿಗುತ್ತದೆ. ಕಾರು ಆಗುಂಬೆ ಹತ್ತುವಾಗ ಡಬ್ಬ ತೆರೆದೆವು. ಮಗಳ ಫೋನಿನಲ್ಲಿ ನಾನೂರ ಹನ್ನೆರಡು ಸಂದೇಶ, ನಮ್ಮವರದರಲ್ಲಿ ಸಿಮೆಂಟಿನ ವಿಚಾರ ಮೂರು. ನನ್ನದರಲ್ಲಿ ತಂಗಿ ಕಳಿಸಿದ ಗುಡ್ ಮಾರ್ನಿಂಗ್ ಹೂವುಗಳು ನಾಲ್ಕು. ಮಗ ಆಗಲೇ ಆಟಕ್ಕೆ ಕೂತ.

ತೀರ್ಥಹಳ್ಳಿ ಬಂದಾಗ ನಿದ್ದೆಯಲ್ಲಿದ್ದಾರೆ ಎಂದುಕೊಂಡಿದ್ದ ಅತ್ತೆಯವರು ಕಣ್ಣು ಮುಚ್ಚಿಕೊಂಡೇ, "ಆ ತುಂಗಭದ್ರ ಅನ್ನೋದು ಲೈಬ್ರರೀಲಿ ಸಿಗುತ್ತೇನಮ್ಮ?" ಎಂದರು. "ಸಿಗುತ್ತೆ ಅಜ್ಜಿ, ಸೋಮವಾರ ನಾನೇ ತರ್ತೀನಿ" ಎಂದಳು ಮಗಳು, ಫೋನಿನಿಂದ ತಲೆ ಎತ್ತದೆ.